ಅಂಜಲ್ ಹಿಡಿಯಲು ಎರಡು ದಿನದ ಪ್ಲಾನ್

ಅವಳ ಟ್ರೇಯನ್ನು ನಾನು ಮೂರನೇ ಸಲ ವಾಪಸ್ ಕಳಿಸಿದ ದಿನ ಅವಳೇ ಎದ್ದು ನನ್ನ ಟೇಬಲ್ಲಿಗೆ ಬಂದಳು.

“ಸರ, ಇದ್ರಾಗೇನು ತಪ್ಪೈತ್ರಿ?”

“ಕಣ್ಣು ಕೆಳಗಿದೆ. ಅರ್ಧ ಮಿಲಿಮೀಟರ್.”

ಅವಳು ಒಂದು ಮೀನನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು. ಬೆರಳ ತುದಿಯಲ್ಲಿ ಬೆಳ್ಳಿಬಣ್ಣ ಒಣಗಿತ್ತು. ಮೀನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೀನನ್ನು ನೋಡಿದಳು.

“ಕೆಳಗಿಲ್ರಿ. ನೀವು ಹಂಗ ದಿಟ್ಟಿಸಿ ನೋಡಾಕತ್ತೀರಲ್ಲ, ನಾಚ್ಕೊಂಡೈತಿ.”

ಪಕ್ಕದ ಸಾಲಿನ ಹುಡುಗಿಯರು ಕಿಸಕ್ಕೆಂದರು. ನಾನು ಗಂಭೀರವಾಗಿ ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಆಮೇಲೆ ನೋಡಿದರೆ ಟ್ರೇ ನಂಬರು ಇರಬೇಕಾದ ಕಡೆ ಅವಳ ಪೂರ್ತಿ ಹೆಸರಿತ್ತು: ಭಾಗ್ಯಶ್ರೀ ಬ. ಹೂಗಾರ.

ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಯಿಂದ ಎರಡು ತಿರುವು ಒಳಗೆ, ಶೀಟು ಹೊದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಫ್ಯಾಕ್ಟರಿ. ಗಾಳಕ್ಕೆ ಕಟ್ಟುವ ಪ್ಲಾಸ್ಟಿಕ್ ಮೀನುಗಳನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದೆವು. ಕ್ಯಾಟಲಾಗಿನಲ್ಲಿ ಅವುಗಳ ಹೆಸರು ಲ್ಯೂರ್. ನಮ್ಮ ಬಾಯಲ್ಲಿ ಬರೀ ಮೀನು. ನಲವತ್ತು ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ಕೂತು ಅವಕ್ಕೆ ಪಟ್ಟೆ, ಹುರುಪೆ, ಕಣ್ಣು ಬರೆಯುತ್ತಿದ್ದರು. ಅರ್ಧಕ್ಕರ್ಧ ಜನ ಬಾಗಲಕೋಟೆ, ಗದಗ, ಕೊಪ್ಪಳದವರು. ಮೀನು ತಿನ್ನದವರೇ ಜಾಸ್ತಿ. ಸಮುದ್ರ ನೋಡಿದವರು ಯಾರೂ ಇರಲಿಲ್ಲ.

ನಾನೂ ನೋಡಿರಲಿಲ್ಲ. ಬೊಮ್ಮನಹಳ್ಳಿಯಲ್ಲಿ ಹುಟ್ಟಿದವನು, ಬೆಳ್ಳಂದೂರು ಕೆರೆಯ ಮೇಲೆ ತೇಲುವ ನೊರೆಯೇ ನಾನು ಕಂಡ ದೊಡ್ಡ ಅಲೆ. ಆದರೂ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ದಿನಕ್ಕೆ ಸಾವಿರ ಮೀನಿನ ಕಣ್ಣು ಎಲ್ಲಿರಬೇಕೆಂದು ತೀರ್ಪು ಕೊಡುತ್ತಿದ್ದೆ.

೨೦೧೧ರ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಮ್ಯಾನೇಜರ್ ದ್ವಾರಕಾನಾಥ್ ಸಾರ್ ನನ್ನನ್ನು ಕರೆದರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ, ಮನೆಯಲ್ಲಿ ಕೂರಲಾಗದೆ ನಮ್ಮಲ್ಲಿಗೆ ಬಂದವರು.

“ಆಕರ್ಷ್, ನಲವತ್ತೇಳನೇ ನಂಬರಿನ ಮೀನಿಗೆ ಹೊರದೇಶದ ಪಾರ್ಟಿಯವರು ಫೋಟೋ ಕೇಳಿದ್ದಾರೆ. ಜೀವಂತ ಅಂಜಲ್ ಮೀನಿನ ಬಾಯಲ್ಲಿ ನಮ್ಮ ಮೀನು ಇರಬೇಕಂತೆ. ಕಂಪ್ಯೂಟರಲ್ಲಿ ಅಂಟಿಸಿದ್ದು ಆಗಲ್ವಂತೆ. ಸಮುದ್ರಕ್ಕೆ ಹೋಗಿ ಬರೋದು, ಎರಡು ದಿನ. ನೀನೇ ಪ್ಲಾನ್ ಮಾಡು.”

“ನಾನಾ ಸಾರ್?”

“ಮತ್ತೆ ನಾನು ಹೋಗಿ ಮೀನು ಹಿಡೀಲಾ? ನಮ್ಮನೇಲಿ ಗೊತ್ತಾದ್ರೆ ಗೇಟಲ್ಲೇ ನಿಲ್ಲಿಸಿ ಸ್ನಾನ ಮಾಡಿಸ್ತಾರೆ ಕಣಯ್ಯ.” ಕನ್ನಡಕ ತೆಗೆದು ಒರೆಸಿಕೊಂಡರು. “ಅದರ ಹಲ್ಲು ತಾಗಿದ್ರೆ ಬಣ್ಣ ಏಳುತ್ತೆ. ದೋಣೀಲೇ ಕೂತು ಟಚಪ್ ಮಾಡೋಕೆ ಪೇಂಟಿಂಗಿನವರು ಒಬ್ಬರು ಬೇಕು. ಯಾರ ಕೈ ಚೆನ್ನಾಗಿದೆ?”

ಅವರು ನನ್ನ ರಿಜಿಸ್ಟರ್ ತೆಗೆದು ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ. ಇಡೀ ಲೈನಿನಲ್ಲಿ ಅತಿ ಹೆಚ್ಚು ವಾಪಸ್ಸಾದ ಟ್ರೇಗಳು ಅವಳವು. ಅವಳು ಎದ್ದು ಬಂದು ಜಗಳ ಆಡಲಿ ಎಂದು ನಾನೇ ಕಳಿಸಿದ ಟ್ರೇಗಳು.

“ಭಾಗ್ಯಶ್ರೀ ಸಾರ್,” ಎಂದೆ.

ಲೈನ್ ಸೂಪರ್‌ವೈಸರ್ ಪಿಳ್ಳಮ್ಮ ಕೂಡಲೇ ತನ್ನ ಹೆಸರನ್ನೂ ಸೇರಿಸಿದಳು. “ನೀರ್ ಅಂದ್ರೆ ನಂಗ್ ತಲೆ ತಿರುಗ್ತದೆ ಕಣಪ್ಪ. ಆದ್ರೂ ಎಣ್ಣುಡುಗೀನ ಒಬ್ಳನ್ನೇ ನಿನ್ ಜೊತೆ ಎಂಗ್ ಕಳ್ಸೋದು? ನಾನೂ ಬತ್ತೀನಿ. ಮಲಗಿರ್ತೀನಿ, ಬಿಡು.”

ಹೀಗೆ ಶುರುವಾಯಿತು. ದಿನಾ ಊಟದ ಅರ್ಧ ಗಂಟೆ ಕ್ಯಾಂಟೀನಿನ ಕಿಟಕಿ ಪಕ್ಕದ ಬೆಂಚು ನಮ್ಮದು. ಹಳೆಯ ಇನ್‌ಸ್ಪೆಕ್ಷನ್ ಶೀಟುಗಳ ಹಿಂಬದಿಯಲ್ಲಿ ಪ್ಲಾನ್ ಬರೆಯುತ್ತಿದ್ದೆ. ಅವಳು ರೊಟ್ಟಿ ಮುರಿಯುತ್ತಾ ಎದುರು ಕೂತು ತಲೆಕೆಳಗಾಗಿಯೇ ಓದುತ್ತಿದ್ದಳು.

“ಸಮುದ್ರ ಅಂದ್ರ ಆಲಮಟ್ಟಿ ಹಿನ್ನೀರಿನಷ್ಟ ಇರ್ತದೇನ್ರಿ?”

“ಇನ್ನೂ ಸ್ವಲ್ಪ ದೊಡ್ಡದು.”

“ನೀವು ನೋಡೀರೇನು?”

“ಇಲ್ಲ.”

“ಮತ್ತ ಅಷ್ಟು ಖಾತ್ರಿ ಹೆಂಗ ಹೇಳ್ತೀರಿ?”

ಹಾಗೆ ಕೇಳುವಾಗ ಅವಳ ಎಡಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಅಳತೆ ನನ್ನ ಕಸುಬು. ಅದನ್ನು ಮಾತ್ರ ಯಾವ ಉಪಕರಣದಿಂದ ಅಳೆಯಬೇಕೋ ತಿಳಿಯದೆ ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಮಲ್ಪೆಯ ವಾಮನಣ್ಣನ ನಂಬರು ಯಾರಿಂದಲೋ ಸಿಕ್ಕಿತು. ಸ್ವಂತ ದೋಣಿ ಇರುವವರು. ಸ್ಪೀಕರಿನಲ್ಲಿ ಹಾಕಿ ಇಬ್ಬರೂ ಫೋನಿನ ಮೇಲೆ ಬಗ್ಗಿದೆವು.

“ಎಂತ, ಅಂಜಲ್ ಹಿಡೀಲಿಕ್ಕಾ? ಬೆಂಗಳೂರಿಂದ? ಅಲ್ಲಿ ಅಂಗಡೀಲಿ ಸಿಗುದಿಲ್ವಾ ಮಾರಾಯ್ರೆ?”

“ಫೋಟೋ ಬೇಕು ಅಣ್ಣ. ನಮ್ಮ ಪ್ಲಾಸ್ಟಿಕ್ ಮೀನು ಅದರ ಬಾಯಲ್ಲಿರಬೇಕು.”

“ಪ್ಲಾಸ್ಟಿಕ್ ಅಂತ ಅದಕ್ಕೆ ಗೊತ್ತುಂಟಾ?”

“ಗೊತ್ತಾಗೂದಿಲ್ರಿ,” ಎಂದು ಭಾಗ್ಯಶ್ರೀ ಥಟ್ಟನೆ ಹೇಳಿದಳು. “ನಾ ಬರ್ದಿದ್ದು.”

ವಾಮನಣ್ಣ ನಕ್ಕರು. ದಡದಿಂದ ಎರಡು ಗಂಟೆ ದೂರದಲ್ಲಿ ನೀರೊಳಗೆ ಬಂಡೆಗಳಿವೆ, ಅಲ್ಲಿ ಅಂಜಲ್ ತಿರುಗುತ್ತದೆ ಎಂದರು. ದೋಣಿ ನಿಲ್ಲಿಸುವ ಹಾಗಿಲ್ಲ. ಓಡಿಸುತ್ತಾ, ಹಿಂದೆ ದಾರ ಬಿಟ್ಟು ಎಳೆಯುತ್ತಾ ಹೋಗಬೇಕು. ಹಲ್ಲು ಬ್ಲೇಡಿನ ಹಾಗೆ ಉಂಟು, ದಾರದ ತುದಿಗೆ ಗೇಣುದ್ದ ತಂತಿ ಕಟ್ಟಿಕೊಳ್ಳಿ ಎಂದರು. ಕೊನೆಗೆ, “ಸೀಸನ್ ಮುಗೀತಾ ಬಂತು. ಆದ್ರೂ ಒಂದೆರಡು ಸಿಕ್ಕೀತು. ಮೇ ಮೊದಲ ವಾರ ಬಂದುಬಿಡಿ,” ಎಂದರು.

“ಆಯ್ತು ಅಣ್ಣ,” ಎಂದೆ.

“ಮೊದಲನೇ ವಾರನ ಹೋಗೂಣ್ರಿ ಸರ,” ಎಂದಳು ಅವಳು. ಫೋನ್ ಇಟ್ಟ ಮೇಲೂ ಬಗ್ಗಿಯೇ ಇದ್ದಳು. “ಲಗೂನ ಹೋಗಿ ಬಂದ್ಬಿಡೂಣು.”

“ಯಾಕೆ ಅಷ್ಟು ಅವಸರ?”

ಆಗ ಹೇಳಿದಳು. ರೊಟ್ಟಿಯ ಒಂದು ಚೂರನ್ನು ಡಬ್ಬಿಯ ಮುಚ್ಚಳದ ಮೇಲೆ ಸುತ್ತಿಸುತ್ತಾ, ಬೇರೆ ಯಾರದೋ ಸುದ್ದಿಯ ಹಾಗೆ. ಬಾದಾಮಿ ಹತ್ತಿರ ಅವಳ ಊರು. ಹೋದ ವರ್ಷ ಅಕ್ಕ ಎರಡನೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಎರಡು ಮಕ್ಕಳು. ಅಕ್ಕನ ಗಂಡನಿಗೇ ಇವಳನ್ನು ಕೊಡಬೇಕೆಂದು ಹಿರಿಯರ ಮಾತು ನಡೆದಿತ್ತು. ಶ್ರಾವಣದಲ್ಲಿ ತೀರ್ಮಾನ.

“ಅವರು ಹೇಗೆ?” ಎಂದೆ.

“ಮಾಮಾ ಛಲೋ ಅದಾನ್ರಿ. ಅಂವಗೂ ಬ್ಯಾಡಾಗೇತಿ. ನನಗೂ ಬ್ಯಾಡಾಗೇತಿ. ಯಾರ ಮ್ಯಾಲ ಸಿಟ್ಟಾಗೂದು ಹೇಳ್ರಿ? ಸಣ್ಣದಕ್ಕ ವರ್ಷ ತುಂಬಿಲ್ಲ. ಹೋದಾಗೊಮ್ಮೆ ನನ್ನ ಸೆರಗ ಹಿಡ್ಕೊಂಡು ಮಲಗ್ತದ, ಬಿಡವಲ್ದು.”

ಆ ದಿನ ಪ್ಲಾನಿನಲ್ಲಿ ಒಂದು ಹೊಸ ಗೆರೆ ಸೇರಿಸಿದೆ. ಎರಡನೇ ದಿನ, ಹನ್ನೆರಡೂವರೆಯಿಂದ ಒಂದು: ಬಿಡುವು. ಅಷ್ಟು ಹೊತ್ತಿಗೆ ಮೀನು ಸಿಕ್ಕಿರುತ್ತದೆ, ಪಿಳ್ಳಮ್ಮ ಮಲಗಿರುತ್ತಾಳೆ, ವಾಮನಣ್ಣ ದೋಣಿ ತಿರುಗಿಸುತ್ತಿರುತ್ತಾರೆ. ನಾಲ್ಕೂ ಕಡೆ ನೀರು. ಅಲ್ಲಿ ಹೇಳುತ್ತೇನೆ. ಹೇಳಿದರೆ ಅವಳು ಊರಿಗೆ ಫೋನ್ ಮಾಡಿ ಇಲ್ಲ ಅನ್ನಬಹುದು. ಅನ್ನದೆಯೂ ಇರಬಹುದು. ಯಾವುದಕ್ಕೂ ಮೊದಲು ಹೇಳಬೇಕಲ್ಲ.

ಮರುದಿನವೇ ಅವಳ ಬೆರಳು ಆ ಗೆರೆಯ ಮೇಲೆ ಬಂದು ನಿಂತಿತು.

“ಇದೇನ್ರಿ, ಬಿಡುವು?”

“ರೆಸ್ಟ್.”

“ದೋಣ್ಯಾಗ ಕುಂತಾವರಿಗೆ ಮತ್ತೇನು ರೆಸ್ಟ್ ರೀ?”

“ಸುಮ್ನೆ… ನೀರು ನೋಡೋದು.”

“ಬೆಳಗಿನಿಂದ ನೀರ ನೋಡಿರ್ತೀವಲ್ರಿ.” ಹುಬ್ಬು ಏರಿತು. ಕಣ್ಣು ಮಾತ್ರ ಶೀಟಿನ ಮೇಲೆ. “ಇರ್ಲಿ ಬಿಡ್ರಿ. ಏನರ ಇದ್ದೀತು.” ಡಬ್ಬಿ ಮುಚ್ಚಿ ಎದ್ದವಳು ಎರಡು ಹೆಜ್ಜೆ ಹೋಗಿ ನಿಂತಳು. “ಸರ, ಇತ್ತೀಚಿಗೆ ನನ್ನ ಟ್ರೇ ಒಂದೂ ವಾಪಸ್ ಬರವಲ್ದು.”

“ಈಗ ಚೆನ್ನಾಗಿ ಬರೀತಿದೀರ.”

“ನಾ ಮೊದಲಿನಂಗನ ಬರ್ಯಾಕತ್ತೀನ್ರಿ.”

ಹೋದಳು. ನನ್ನ ಕಿವಿ ಸಂಜೆವರೆಗೂ ಬಿಸಿಯಾಗಿತ್ತು.

ಇಷ್ಟೆಲ್ಲ ಆದ ಮೇಲೆ ಮೇ ಮೊದಲ ವಾರ ಹೋಗಿಬಿಡಬೇಕಿತ್ತು. ಎಲ್ಲ ಸಿದ್ಧವಿತ್ತು: ತಂತಿ, ದಾರ, ಸಣ್ಣ ಬ್ರಷ್ಷುಗಳು, ವಾಂತಿ ಮಾತ್ರೆ, ಪಿಳ್ಳಮ್ಮನಿಗೆ ನಿಂಬೆಹಣ್ಣು. ಆದರೆ ದಿನ ಹತ್ತಿರ ಬಂದಂತೆ ನಾನು ಬೇರೆ ಲೆಕ್ಕ ಹಾಕತೊಡಗಿದೆ. ಹೇಳಿದ ಮೇಲೆ ಅವಳು ಇಲ್ಲ ಅಂದರೆ ಮಲ್ಪೆಯಿಂದ ಬರುವ ಬಸ್ಸಿನಲ್ಲಿ ಅಷ್ಟು ಹೊತ್ತು ಹೇಗೆ ಕೂರುವುದು? ಹೂಂ ಅಂದರೆ ಆ ಮಗುವಿನ ಕೈಯಿಂದ ಸೆರಗು ಬಿಡಿಸುವುದು ಹೇಗೆ? ಎರಡಕ್ಕೂ ನನ್ನ ಶೀಟಿನಲ್ಲಿ ಕಾಲಮ್ ಇರಲಿಲ್ಲ. ಇದ್ದದ್ದು ಒಂದೇ ಒಂದು ಖಚಿತವಾದ ಸುಖ, ಊಟದ ಅರ್ಧ ಗಂಟೆ. ಹೋಗಿ ಬಂದರೆ ಅದೂ ಮುಗಿಯುತ್ತಿತ್ತು.

ಜುಲೈ ಮೂರನೇ ವಾರ ನಮ್ಮ ಫ್ಯಾಕ್ಟರಿ ಷಟ್‌ಡೌನ್. ಮೆಷಿನ್ನುಗಳನ್ನು ಬಿಚ್ಚಿ ತೊಳೆದು ಎಣ್ಣೆ ಹಾಕುವ ವಾರ; ಎಲ್ಲರಿಗೂ ರಜೆ. ಆಗ ಹೋದರೆ ಲೈನಿನ ಕೆಲಸ ಕೆಡುವುದಿಲ್ಲ ಎಂದು ದ್ವಾರಕಾನಾಥ್ ಸಾರ್‌ಗೆ ಹೇಳಿದೆ.

“ಗುಡ್ ಪ್ಲಾನಿಂಗ್,” ಎಂದರು.

ಭಾಗ್ಯಶ್ರೀಗೆ ಹೇಳಿದಾಗ ಅವಳು ಬೆರಳಲ್ಲಿ ತಿಂಗಳು ಎಣಿಸಿದಳು. “ಜುಲೈನ್ಯಾಗ್ರಿ?”

“ಶ್ರಾವಣಕ್ಕಿಂತ ಮುಂಚೆನೇ ಅಲ್ವಾ?”

“ಹೌದ್ರಿ,” ಎಂದಳು. “ಮುಂಚೇನ.”

ಮತ್ತೆರಡು ತಿಂಗಳು ನಾವು ಪ್ಲಾನ್ ಮಾಡಿದೆವು. ನನ್ನ ಬದುಕಿನ ಅತಿ ಒಳ್ಳೆಯ ಎರಡು ತಿಂಗಳು ಅವು. ಗಾಳಿ ಜೋರಾದರೆ ಏನು, ಪಿಳ್ಳಮ್ಮ ಹೆದರಿದರೆ ಏನು, ಮೀನು ದೊಡ್ಡದಾಗಿ ದೋಣಿಯನ್ನೇ ಎಳೆದರೆ ಏನು? “ಎಳದ್ರ ಹೋಗೂಣ್ರಿ, ಎಲ್ಲಿಗರ ಒಯ್ಯಲಿ,” ಎನ್ನುತ್ತಿದ್ದಳು. ಹಿಡಿದ ಮೀನನ್ನು ತಿನ್ನುವವರು ಯಾರು ಎಂಬ ಪ್ರಶ್ನೆ ಒಂದು ವಾರ ನಡೆಯಿತು. ಅವಳೂ ತಿನ್ನುತ್ತಿರಲಿಲ್ಲ, ನಾನೂ ತಿನ್ನುತ್ತಿರಲಿಲ್ಲ. “ಪಾಪ, ಸುಮ್ಮನ ಸಾಯ್ತದ. ಫೋಟೋ ತಗದು ಬಿಟ್ಬಿಡೂಣ್ರಿ,” ಎಂದು ಅವಳೇ ತೀರ್ಮಾನಿಸಿದಳು. ಹಾಗೆಂದೇ ಬರೆದುಕೊಂಡೆ: ಹನ್ನೊಂದೂವರೆ, ಮೀನು ಬಿಡುಗಡೆ, ಜವಾಬ್ದಾರಿ, ಭಾಗ್ಯಶ್ರೀ.

ಜೂನ್ ಕೊನೆಯಲ್ಲಿ ದೋಣಿ ಖಚಿತಪಡಿಸಲು ವಾಮನಣ್ಣನಿಗೆ ಫೋನ್ ಮಾಡಿದೆವು.

“ಜುಲೈಯಲ್ಲಾ?” ಅವರು ಎರಡು ಸಲ ಕೇಳಿದರು. “ಮಳೆಗಾಲ ಅಲ್ವಾ ಮಾರಾಯ್ರೆ. ಮೀನು ಮೊಟ್ಟೆ ಇಡುವ ಸಮಯ. ಸರಕಾರದ್ದೇ ಬಂದ್ ಉಂಟು. ದೋಣಿ ಎಲ್ಲ ಮೇಲೆ ಎಳೆದು ಮುಚ್ಚಿ ಇಟ್ಟಾಗಿದೆ. ಆಗಸ್ಟಿನವರೆಗೆ ಯಾರೂ ಹೋಗ್ಲಿಕ್ಕಿಲ್ಲ. ನಿಮ್ಗೆ ಅಂಜಲೇ ಬೇಕಾದ್ರೆ ಅಕ್ಟೋಬರಿಗೆ ಬನ್ನಿ.”

“ನೀವು ಮೊದಲೇ ಹೇಳಲಿಲ್ಲ ಅಣ್ಣ…”

“ನೀವು ಕೇಳ್ಲೇ ಇಲ್ಲ ಅಲ್ಲ? ಮೇ ಅಂದೆ, ಆಯ್ತು ಅಂದ್ರಿ.”

ಹೊರಗೆ ಹೊಸೂರು ರಸ್ತೆಯ ಮೇಲೆ ಧೂಳು ಮಳೆಯ ಎರಡು ಹನಿಗೆ ಕೆಸರಾಗುತ್ತಿತ್ತು. ದಿನಕ್ಕೆ ಸಾವಿರ ಮೀನು ಮಾಡುವ ನಮಗೆ, ಮೀನು ತಾನೇ ಮೀನು ಮಾಡುವ ಕಾಲವೊಂದಿದೆ ಎಂಬುದು ಹೊಳೆದಿರಲಿಲ್ಲ. ನಮ್ಮ ಮೆಷಿನ್ನುಗಳು ಎಂದು ನಿಲ್ಲುತ್ತವೆ ಎಂದು ನೋಡಿ ನಾನು ಸಮುದ್ರಕ್ಕೆ ದಿನ ಗೊತ್ತು ಮಾಡಿದ್ದೆ.

ಭಾಗ್ಯಶ್ರೀ ನಗತೊಡಗಿದಳು. “ಸಮುದ್ರಕ್ಕೂ ಸೂಟಿ ಇರ್ತದೇನ್ರಿ ಸರ?” ನಗುತ್ತಲೇ ಇದ್ದಳು. ಯಾವಾಗ ಅದು ನಗುವಾಗಿ ಉಳಿಯಲಿಲ್ಲವೋ ನನಗೆ ಗೊತ್ತಾಗಲಿಲ್ಲ. ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಾಗ ಕೆನ್ನೆಯ ಮೇಲೆ ಬೆಳ್ಳಿಯ ಒಂದು ಗೀರು ಉಳಿಯಿತು. ಒರೆಸಲು ನಾನು ಕೈ ಎತ್ತಿದೆ. ಅರ್ಧಕ್ಕೆ ಬಂದ ಕೈ ಪೆನ್ನು ತೆಗೆದುಕೊಂಡಿತು.

ಹದಿನೈದು ದಿನದಲ್ಲಿ ಊರಿಂದ ಫೋನ್ ಬಂತು. ಶ್ರಾವಣದ ಎರಡನೇ ಸೋಮವಾರ ಮದುವೆ. ಷಟ್‌ಡೌನ್ ರಜೆಗೆ ಹೋದವಳು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಅವಳು ಹೊರಟ ಶನಿವಾರ ಮಧ್ಯಾಹ್ನ ಹೆಬ್ಬಗೋಡಿ ಸ್ಟಾಪಿನವರೆಗೆ ಪಿಳ್ಳಮ್ಮ ಬಂದಿದ್ದಳು. ಅವಳ ತಲೆ ಸವರಿ, “ಓಗಿ ಬಾ ತಾಯಿ,” ಎಂದು ನನ್ನತ್ತ ತಿರುಗಿದಳು. “ನೀನೆಲ್ಲಿಗಪ್ಪ ಒಂಟೆ?”

“ಮೆಜೆಸ್ಟಿಕ್‌ನಲ್ಲಿ ಸ್ವಲ್ಪ ಕೆಲಸ ಇದೆ.”

“ಇರ್ತದೆ, ಇರ್ತದೆ,” ಎಂದಳು ಪಿಳ್ಳಮ್ಮ, ಬೇರೆ ಕಡೆ ನೋಡುತ್ತಾ.

ಬಸ್ಸು ಕಿಕ್ಕಿರಿದಿತ್ತು. ಹೆಂಗಸರು ಮುಂದಿನ ಬಾಗಿಲು, ಗಂಡಸರು ಹಿಂದಿನ ಬಾಗಿಲು. ಅವಳಿಗೆ ಡ್ರೈವರ್ ಹಿಂದೆಯೇ ಸೀಟು ಸಿಕ್ಕಿತು. ನಾನು ಕೊನೆಯಲ್ಲಿ ಕಂಬಿ ಹಿಡಿದು ನಿಂತೆ. ನಡುವೆ ಐವತ್ತು ತಲೆಗಳು. ಅವಳ ಜಡೆ ಮತ್ತು ಒಂದು ಭುಜ ಮಾತ್ರ ಕಾಣುತ್ತಿತ್ತು. ಬೊಮ್ಮನಹಳ್ಳಿ ಜಾಮಿನಲ್ಲಿ ಬಸ್ಸು ನಿಂತಾಗ ನನ್ನ ಫೋನು ಬಡಿದುಕೊಂಡಿತು. ಜಡೆಯ ಪಕ್ಕದಲ್ಲಿ ಅವಳ ಮೊಣಕೈ ಎದ್ದಿತ್ತು.

“ಸರ. ಹಿಂದ ಭಾಳ ಗದ್ಲ ಐತೇನ್ರಿ?”

“ಪರವಾಗಿಲ್ಲ. ಮುಂದೆ?”

“ಒಬ್ಬಾಕಿ ಹೂವಿನ ಬುಟ್ಟಿ ನನ್ನ ಕಾಲ ಮ್ಯಾಲ ಇಟ್ಕೊಂಡು ಕುಂತಾಳ. ಒಂದ ಮಾತು ಕೇಳ್ಲೇನ್ರಿ? ಖರೇ ಹೇಳ್ಬೇಕು. ಮೇದಾಗ ಯಾಕ ಹೋಗ್ಲಿಲ್ಲ ನಾವು?”

ಬೆನ್ನು ನೋಡುತ್ತಾ ಮಾತಾಡುವುದು ಸುಲಭ ಎಂದು ಅವತ್ತು ತಿಳಿಯಿತು. “ಹೋಗಿ ಬಂದ್ರೆ ಪ್ಲಾನ್ ಮುಗಿದ್ಹೋಗ್ತಿತ್ತು. ಊಟದ ಹೊತ್ತಲ್ಲಿ ನಿಮ್ಮೆದುರು ಕೂರೋಕೆ ನಂಗೆ ಬೇರೆ ಕಾರಣ ಇರ್ಲಿಲ್ಲ.”

ಫೋನಿನಲ್ಲಿ ಎಂಜಿನ್ ಗುರುಗುಟ್ಟುತ್ತಿತ್ತು.

“ಭಾರೀ ಶ್ಯಾಣ್ಯಾ ಅದೀರಿ ನೀವು,” ಎಂದಳು. ದನಿ ಒದ್ದೆಯಾಗಿತ್ತು.

“ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ, ಭಾಗ್ಯಶ್ರೀ.”

ಪಕ್ಕದಲ್ಲಿ ಫ್ಯಾನಿನ ರಟ್ಟಿನ ಡಬ್ಬ ತಬ್ಬಿಕೊಂಡಿದ್ದ ಗಂಡಸು ನನ್ನನ್ನು ನೋಡಿ, ಮರ್ಯಾದೆಯಿಂದ ಕಿಟಕಿಯ ಕಡೆ ತಿರುಗಿದ.

“ಗೊತ್ತೈತ್ರಿ,” ಎಂದಳು. “ಇಡೀ ಲೈನಿಗೇ ಗೊತ್ತೈತಿ. ನೀವೊಬ್ಬರ ಹೇಳೂದು ಉಳದಿತ್ತು.”

“ನಿಮ್ಗೆ?”

“ಅದನ್ನ ನಾ ಹೇಳಿದ್ರ ಮುಂದ ನನಗ ಬಾಳೇ ಮಾಡಾಕ ಆಗೂದಿಲ್ರಿ.” ಉಸಿರೆಳೆದುಕೊಂಡಳು. “ಸರ, ನನ್ನ ಕರೀಬ್ಯಾಡ್ರಿ. ಇಳದು ಬಾ ಅಂತ ಅನಬ್ಯಾಡ್ರಿ.”

“ಅಂದ್ರೆ?”

“ಅಂದ್ರ ಬಂದ್ಬಿಡ್ತೀನಿ.”

ಇಬ್ಬರೂ ಫೋನ್ ಇಡಲಿಲ್ಲ. ಮಡಿವಾಳ ಹೋಯಿತು. ಆಡುಗೋಡಿ ಹೋಯಿತು. ‘ಬಾ’ ಎಂಬ ಅಕ್ಷರ ನಾಲಿಗೆಯ ಮೇಲೆ ಬಂದು ಕೂತಿತ್ತು. ಬಸ್ಸು ಒಮ್ಮೆ ಜೋರಾಗಿ ಕುಲುಕಿದ್ದರೂ ಉದುರಿಬಿಡುತ್ತಿತ್ತು. ಮೆಜೆಸ್ಟಿಕ್‌ವರೆಗೆ ಅದನ್ನು ಹಿಡಿದಿಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಗಿ, ಶಾಂತಿನಗರದಲ್ಲಿ ಹಿಂದಿನ ಬಾಗಿಲಿನಿಂದ ಇಳಿದುಬಿಟ್ಟೆ. ಅವಳು ಇಡೀ ದಾರಿ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಬಸ್ಸು ಮುಂದೆ ಹೋಯಿತು. ಫೋನು ಕಿವಿಯಲ್ಲೇ ಇತ್ತು.

“ಸರ,” ಎಂದಳು. “ನಾ ಈಗ ತಿರುಗಿ ನೋಡಿದೆ. ನೀವು ಇಲ್ಲ.”

“ಇಳಿದೆ.”

ಬಸ್ಸು ಸಿಗ್ನಲ್ಲಿಗೆ ಸಿಕ್ಕಿಕೊಂಡು ನಿಂತಿತ್ತು. ಸಿಗ್ನಲ್ ಕಂಬದ ಮೇಲೆ ಕೆಂಪು ಅಂಕಿಗಳು ಇಳಿಯುತ್ತಿದ್ದವು.

“ಬಸ್ ನಿಂತದಲ್ರಿ. ನಿಮಗ ಕಾಣಸ್ತದೇನು?”

“ಕಾಣ್ತಿದೆ. ಸಿಗ್ನಲ್. ನಲವತ್ತು ಸೆಕೆಂಡ್ ಇದೆ.”

“ಓಡಿ ಬಂದ್ರ ಸಿಗ್ತದ?”

“ಸಿಗುತ್ತೆ.”

ಬಾ ಎಂದು ಅವಳೂ ಅನ್ನಲಿಲ್ಲ. ಆದರೆ ನನ್ನ ಕಾಲು ಕಾಯಲಿಲ್ಲ, ಓಡತೊಡಗಿದೆ. ಆಟೋಗಳ ನಡುವೆ, ಬೈಕಿನ ಕನ್ನಡಿಗಳನ್ನು ತಪ್ಪಿಸಿಕೊಂಡು. ಮೂವತ್ತು. ಇಪ್ಪತ್ತೈದು. ಹಿಂದಿನ ಬಾಗಿಲಿನ ಕಂಬಿ ಹತ್ತು ಹೆಜ್ಜೆ ದೂರದಲ್ಲಿತ್ತು. ಆಗ ಫೋನಿನೊಳಗೆ, ಅವಳ ಪಕ್ಕದಲ್ಲಿ, ಆ ಹೂವಿನ ಹೆಂಗಸಿನ ದನಿ ಕೇಳಿಸಿತು.

“ಯಾಕಮ್ಮ ಅಳ್ತಿದೀಯ? ತವರಿಂದ ಒಂಟ್ಯಾ?”

“ಇಲ್ರಿ ಅಕ್ಕಾ.” ಭಾಗ್ಯಶ್ರೀ ಗಂಟಲು ಸರಿಮಾಡಿಕೊಂಡಳು. “ಊರಿಗೆ ಹೊಂಟೀನಿ. ನನ್ನ ಮಕ್ಕಳು ಕಾಯಾಕತ್ತಾವು.”

ನಾನು ನಿಂತೆ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

“ಎಷ್ಟು ಮಕ್ಳು?”

“ಎರಡು ರೀ.”

ಅಂಕಿ ಸೊನ್ನೆಯಾಯಿತು. ಬಸ್ಸು ಹೊರಟ ಸದ್ದು ಎರಡು ಸಲ ಕೇಳಿಸಿತು, ಮೊದಲು ರಸ್ತೆಯಿಂದ, ಒಂದು ಗಳಿಗೆ ಬಿಟ್ಟು ಫೋನಿನಿಂದ. ರಸ್ತೆಯಲ್ಲಿ ಅದು ಮುಗಿದ ಮೇಲೂ ಫೋನಿನಲ್ಲಿ ಬಹಳ ಹೊತ್ತು ಹೋಗುತ್ತಲೇ ಇತ್ತು.